ನೆಲಕ್ಕೆ ಹದಿನಾಲ್ಕು ಇಂಚು

ಆಣೆ ಪುಟ್ಟಿ, ಈ ಮೆಷಿನ್ ಮೇಲೆ ಕೈಯಿಟ್ಟು ಹೇಳ್ತಿದೀನಿ, ಒಂದಕ್ಷರ ಸುಳ್ಳಿಲ್ಲ! ನಲವತ್ತು ವರ್ಷ ಅನ್ನ ಹಾಕಿದ ಹೊಲಿಗೆ ಮೆಷಿನ್ ಇದು. ಇದರ ಮೇಲೆ ಕೈಯಿಟ್ಟು ಸುಳ್ಳು ಹೇಳ್ತೀನಾ? ಮೊದಲನೇ ದಿನ ಯೋಗದ ಹಾಲ್‌ನಲ್ಲಿ ನಾನು ಚಕ್ಕಳಮಕ್ಕಳ ಹಾಕೋಕೆ ಹೋದಾಗ ಸೊಂಟದಿಂದ ಬಂದ ಸದ್ದಿಗೆ ಕೆಳಗಿನ ಪಾತ್ರೆ ಅಂಗಡಿಯವನು ಮೆಟ್ಟಿಲು ಹತ್ತಿ ಓಡಿ ಬಂದ. "ಯಾವ ಬೀರು ಬಿತ್ತು ಮೇಡಂ?" ಅಂತ. ಬೀರು ಅಲ್ಲ ಕಣಯ್ಯ, ನಾನು ಅಂದೆ. ಅವನು ನನ್ನ ಮೇಲಿಂದ ಕೆಳಗಿನವರೆಗೂ ನೋಡಿ, "ರಿಪೇರಿ ಆಗುತ್ತಾ?" ಅಂತ ಯೋಗ ಹೇಳಿಕೊಡೋ ಮೇಡಂನ ಕೇಳ್ದ!

ನಗು, ನಗು. ಬಂದಾಗಿನಿಂದ ಈಗಲೇ ನೀನು ನಕ್ಕಿದ್ದು. ಆದರೆ ಮೆಲ್ಲಗೆ... ಒಳಗೆ ನಿಮ್ಮಪ್ಪ ಮಲಗಿದಾನೆ. ಮತ್ತೆ ಆ ಸೂಟ್‌ಕೇಸ್ ಮುಚ್ಚಬೇಡ. ನಿಮ್ಮಪ್ಪನ ಷರ್ಟ್ ಮಡಚೋದನ್ನ ಒಂದು ನಿಮಿಷ ನಿಲ್ಲಿಸು ತಾಯಿ. ಅವನನ್ನ ನಿನ್ನೂರಿಗೆ ಕರ್ಕೊಂಡು ಹೋಗೋ ಟ್ಯಾಕ್ಸಿ ನಾಲ್ಕಕ್ಕೆ ತಾನೇ? ಇನ್ನೂ ಮೂರೂಕಾಲು. ಮುಕ್ಕಾಲು ಗಂಟೆಯಲ್ಲಿ ನಾನು ಮೂರು ಪ್ಯಾಂಟ್ ಹೊಲಿದು, ನಾಲ್ಕನೆಯದಕ್ಕೆ ಝಿಪ್ ಹಾಕಿದವನು! ಒಂದು ಮಾತು ಹೇಳೋಕೆ ಆಗಲ್ವಾ?

ನಿನ್ನ ತಲೆಯಲ್ಲಿ ಏನಿದೆ ನನಗೆ ಗೊತ್ತು. "ಅಪ್ಪನಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಕಾಲುಚೀಲ ಹಾಕಬೇಕು, ಪಾದ ಒರೆಸಬೇಕು, ಕೈಯಿಂದ ಜಾರಿದ್ದನ್ನ ಎತ್ತಿಕೊಡಬೇಕು. ಚಿಕ್ಕಪ್ಪ ನೋಡಿದ್ರೆ ಬಗ್ಗೋಕೇ ಬರದ ಲೈಟ್ ಕಂಬ. ಕಂಬದ ಹತ್ತಿರ ಅಪ್ಪನ್ನ ಹೆಂಗೆ ಬಿಟ್ಟು ಹೋಗ್ಲಿ?" ಇದೇ ತಾನೇ? ಹೇಳು, ಇದೇ ತಾನೇ? ತಲೆ ತಗ್ಗಿಸಿದೆ ಅಂದ್ರೆ ಇದೇ. ಸರಿ. ಆ ಕಂಬ ಈಗ ಕಂಬವಾಗಿ ಉಳಿದಿಲ್ಲ ಅಂತ ತೋರಿಸೋಕೇ ಈ ಅಸಹ್ಯವೆಲ್ಲ ನಿನ್ನ ಮುಂದೆ ಹೇಳ್ತಿರೋದು. ಇಲ್ಲದಿದ್ದರೆ ಬಾಯಿ ಬಿಡ್ತಿದ್ನಾ? ಥೂ!

ಅಸಹ್ಯ ಅಂದ್ರೆ ಅಸಹ್ಯ ಪುಟ್ಟಿ! ಆ ಚಾಪೆ ಇದೆಯಲ್ಲ, ನೀಲಿ ಚಾಪೆ... ಊರಿನವರ ಬೆವರು ಕುಡಿದೂ ಕುಡಿದೂ ಅದಕ್ಕೇ ಒಂದು ಮೈ ಬಂದುಬಿಟ್ಟಿದೆ. ಕೆನ್ನೆ ಇಟ್ಟರೆ ಬಿಡಲ್ಲ. ಎದ್ದಾಗ ಪ್ಲಾಸ್ಟರ್ ಕಿತ್ತ ಹಾಗೆ ಚರ್ರ್ ಅನ್ನುತ್ತೆ. ವಾಸನೆ? ಮಳೆಯಲ್ಲಿ ನೆಂದ ಶೂ ಒಳಗೆ ಯಾರೋ ಮೊಸರು ಚೆಲ್ಲಿ ಮರೆತುಬಿಟ್ಟಿದ್ದಾರೆ, ಹಾಗೆ. ಹೊಸ ಚಾಪೆ ತಗೊಳ್ಳಿ ಅಂತೀಯಾ? ತಗೊಂಡೆ. ಎರಡನೇ ದಿನ ಯಾವನೋ ಅದರ ಮೇಲೆ ಮಲಗಿ ಗೊರಕೆ ಹೊಡೀತಿದ್ದ. ಎಬ್ಬಿಸಿದ್ರೆ, "ಶವಾಸನ, ತೊಂದರೆ ಕೊಡಬೇಡಿ" ಅಂತಾನೆ!

ಮತ್ತೆ ಆ ಹಿಮ್ಮಡಿ. ನನ್ನ ಮುಂದಿನ ಸಾಲಲ್ಲಿ ಒಬ್ಬ ಇದಾನೆ, ಬ್ಯಾಂಕಿನಲ್ಲಿ ದೊಡ್ಡ ಸಾಹೇಬನಂತೆ, ನಾನು ಅವನಿಗೆ ಹಿಮ್ಮಡಿ ಅಂತಲೇ ಹೆಸರಿಟ್ಟಿದೀನಿ. ಅವನ ಮುಖ ಹೇಗಿದೆ ಅಂತ ಹದಿನೈದು ದಿನ ನನಗೆ ಗೊತ್ತಿರಲಿಲ್ಲ! ಬಗ್ಗಿದ್ರೂ ಹಿಮ್ಮಡಿ, ಮಲಗಿದ್ರೂ ಹಿಮ್ಮಡಿ. ಒಡೆದು ಬಿರುಕು ಬಿಟ್ಟು... ಆ ಬಿರುಕಿನೊಳಗೆ ನನ್ನ ಸೂಜಿ ಬಿದ್ದಿದ್ರೆ ಮತ್ತೆ ಸಿಗ್ತಿರಲಿಲ್ಲ. ಒಂದು ದಿನ ಅದರೊಳಗೆ ಒಂದು ಅಕ್ಕಿಕಾಳು ಕಂಡೆ. ಹೌದೇ, ಅಕ್ಕಿಕಾಳು! ಮರುದಿನವೂ ಅಲ್ಲೇ ಇತ್ತು. ಮೂರನೇ ದಿನ ಮೊಳಕೆ ಬಂದಿರಬಹುದು ಅಂತ ನೋಡಿದೆ.

ಯಾಕೆ ಮುಖ ಕಿವುಚ್ತೀಯ? ನಿನಗೆ ಕೇಳೋಕೇ ಹೀಗಾದ್ರೆ, ಮೂಗಿಗೆ ಒಂದು ಗೇಣು ದೂರದಲ್ಲಿ ಇಟ್ಟುಕೊಂಡು ಐದು ಸಲ ದೀರ್ಘ ಉಸಿರು ತಗೊಂಡವನ ಗತಿ ಏನು?

ಆಮೇಲೆ ಬೆಲ್ಟ್. ಅಂಗಾತ ಮಲಗಿ, ಪಾದಕ್ಕೆ ಬೆಲ್ಟ್ ಸಿಕ್ಕಿಸಿ, ಕಾಲನ್ನ ನೆಟ್ಟಗೆ ಆಕಾಶಕ್ಕೆ ಎಳೀಬೇಕು. ತೊಡೆ ಹಿಂಭಾಗ ಸಡಿಲ ಆಗೋಕೆ. ಆ ಬೆಲ್ಟ್ ಅಲ್ಲಿರೋ ಎಲ್ಲರ ಪಾದದ ಕೊಳೆ ತಿಂದು ಹಗ್ಗದ ಹಾಗಾಗಿದೆ. ಅದನ್ನೇ ಎರಡೂ ಕೈಯಲ್ಲಿ ಭಕ್ತಿಯಿಂದ ಹಿಡ್ಕೊಂಡು ಕಣ್ಣು ಮುಚ್ಕೋಬೇಕಂತೆ! ನನ್ನ ಕಾಲು ಆಕಾಶಕ್ಕೆ ಎಲ್ಲಿ ಹೋಗುತ್ತೆ? ಎದುರು ಗೋಡೆಯ ಸ್ವಿಚ್ ಬೋರ್ಡಿನವರೆಗೆ ಹೋಗಿ ನಿಂತ್ಕೊಳ್ತು. ಅಲ್ಲಿಂದ ಒಂದು ಇಂಚು ಎಳೆದೆ ನೋಡು... ಮೀನಖಂಡ ಕಟ್ಟಿಕೊಂಡು ಕಲ್ಲಾಯ್ತು! ಬೆಲ್ಟ್ ಬಿಡು ಅಂದ್ರೆ ಕೈ ಬಿಡಲ್ಲ, ಇಳಿ ಅಂದ್ರೆ ಕಾಲು ಇಳಿಯಲ್ಲ. ನಾಲ್ಕು ಜನ ಸೇರಿ ಗಾಳಿಗೆ ಉಲ್ಟಾ ಆದ ಕೊಡೆ ಮಡಚಿದ ಹಾಗೆ ನನ್ನ ಮಡಚಿದ್ರು. ಆ ನಾಲ್ಕು ಜನರಲ್ಲಿ ಹಿಮ್ಮಡಿಯೂ ಒಬ್ಬ. ಆವತ್ತೇ ಅವನ ಮುಖ ನೋಡಿದ್ದು. ಒಳ್ಳೆ ಮುಖ, ಸುಳ್ಳು ಹೇಳಬಾರದು.

ಮೇಡಂ? ನಿನಗಿಂತ ಚಿಕ್ಕವಳು ಅವಳು. "ಅಂಕಲ್" ಅಂತಾಳೆ. "ಸೊಂಟದೊಳಗೆ ಉಸಿರು ಕಳಿಸಿ ಅಂಕಲ್." ಅಲ್ಲಮ್ಮ, ಸೊಂಟಕ್ಕೆ ಮೂಗು ಎಲ್ಲಿದೆ? ಅಂದೆ. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಪಕ್ಕದಲ್ಲಿ ಕೂತಳು. ಏನು ಕೆಲಸ ಅಂದಳು. ಟೈಲರ್, ದಿನಕ್ಕೆ ಹತ್ತು ಗಂಟೆ ಸ್ಟೂಲ್ ಮೇಲೆ, ಪಾದ ಪೆಡಲ್ ಮೇಲೆ, ನಲವತ್ತು ವರ್ಷ ಅಂದೆ. ಆಗ ಅವಳು, "ನಿಮ್ಮ ತೊಡೆಸಂದು ಕೂತ ಅಳತೆಗೇ ಕುಗ್ಗಿದೆ ಅಂಕಲ್. ನೀವು ಎದ್ದು ನಿಂತರೂ ಅದು ಇನ್ನೂ ಕೂತೇ ಇದೆ. ತೊಡೆ ಹಿಂದಿನದ್ದು ಬಿಗಿದು ಸೊಂಟವನ್ನ ಕೆಳಕ್ಕೆ ಎಳೀತಿದೆ. ಜಗ್ಗಾಡಬೇಡಿ. ಇದ್ದಲ್ಲೇ ಇದ್ದು ಕಾಯಿರಿ, ಅದೇ ಬಿಡುತ್ತೆ" ಅಂದಳು.

ನಾನೇನು ಕಾಯೋನಾ? ಜೇಬಿಂದ ಟೇಪ್ ತೆಗೆದೆ. ನೆಟ್ಟಗೆ ನಿಂತು, ಮಂಡಿ ಮಡಚದೆ ಬಗ್ಗಿ, ಬೆರಳ ತುದಿಯಿಂದ ನೆಲಕ್ಕೆ ಟೇಪ್ ಬಿಟ್ಟೆ. ಹದಿನಾಲ್ಕು ಇಂಚು! ಪುಟ್ಟಿ, ಎಳೆಮಕ್ಕಳ ಪ್ಯಾಂಟ್ ಅಷ್ಟು ಉದ್ದ ಇರುತ್ತೆ. ನನಗೂ ಭೂಮಿಗೂ ನಡುವೆ ಒಂದು ಪ್ಯಾಂಟ್ ತೂಗು ಹಾಕಬಹುದಿತ್ತು!

ಗಿರಾಕಿಗಳ ಅಳತೆ ಪುಸ್ತಕದ ಕೊನೆ ಪುಟದಲ್ಲಿ ಬರೆದಿಟ್ಟಿದೀನಿ, ನೋಡು ಬೇಕಾದ್ರೆ. ಮೊದಲ ವಾರ ಹದಿನಾಲ್ಕು, ಹದಿನಾಲ್ಕು, ಹದಿಮೂರೂವರೆ. ಆಮೇಲೆ ಮತ್ತೆ ಹದಿನಾಲ್ಕು, ಆವತ್ತು ಚಳಿ. ಮೂರನೇ ವಾರ ಹತ್ತು. ಅಲ್ಲಿ ನಿಂತುಬಿಡ್ತು. ಹತ್ತು, ಹತ್ತು, ಹತ್ತು... ಬದ್ಧಕೋನಾಸನ ಅಂತ ಒಂದಿದೆ. ಎರಡೂ ಪಾದ ಜೋಡಿಸಿ ಚಿಟ್ಟೆ ಥರ ಕೂರೋದು. ಎಲ್ಲರ ಮಂಡಿ ರೆಕ್ಕೆ ಥರ ನೆಲಕ್ಕೆ ಒರಗುತ್ತೆ, ನನ್ನದು ಮೊಲದ ಕಿವಿ ಥರ ಮೇಲಕ್ಕೆ! ಅದೇ ಆಸನದಲ್ಲಿ ರಾತ್ರಿ ಊಟ ಮಾಡ್ತಿದ್ದೆ, ಅದರಲ್ಲೇ ಕೂತು ಗುಂಡಿಗೆ ಕಾಜಾ ಹೊಲೀತಿದ್ದೆ. ಕಾಲು ಚಾಚಿ ಮುಂದಕ್ಕೆ ಬಗ್ಗೋ ಪಶ್ಚಿಮೋತ್ತಾನಾಸನದಲ್ಲಿ ಪೇಪರ್ ಓದ್ತಿದ್ದೆ. ಕಾಲ ಬೆರಳಿನ ಹತ್ತಿರ ಪೇಪರ್ ಇಟ್ಟರೆ ಮೊದಮೊದಲು ದಪ್ಪ ಅಕ್ಷರ ಮಾತ್ರ ಕಾಣ್ತಿತ್ತು. ಈಗ? ಈಗ ಸಣ್ಣ ಅಕ್ಷರದಲ್ಲಿ ಬರೋ ವಧು-ವರರ ಜಾಹೀರಾತು ಓದ್ತೀನಿ!

ಏನು ಹಾಗೆ ಕಣ್ಣರಳಿಸ್ತೀಯ? ನಂಬಿಕೆ ಇಲ್ವಾ?

ಓ, ಅದಾ... ಇಷ್ಟೆಲ್ಲ ಯಾಕೆ ಮಾಡಿದಿರಿ ಅಂತ. ಮಾಡಬಾರದಾ? ನೀನು ನಿಮ್ಮತ್ತೆ ಹತ್ತಿರ ಅಂದೆಯಂತಲ್ಲ, "ಅಪ್ಪ ಆಸ್ಪತ್ರೆಯಲ್ಲಿದ್ದಾಗ ಚಿಕ್ಕಪ್ಪ ಯೋಗ ಮಾಡ್ಕೊಂಡಿದ್ರು" ಅಂತ. ಕಿವಿಗೆ ಬಿತ್ತು. ಇರಲಿ. ಅಂದಿದ್ದು ತಪ್ಪಲ್ಲ. ಅಣ್ಣ ಬಿದ್ದಿದ್ದು ಸೋಮವಾರ, ನಾನು ಆ ಹಾಲ್‌ಗೆ ಕಾಲಿಟ್ಟಿದ್ದು ಮಂಗಳವಾರ ಬೆಳಿಗ್ಗೆ. ನಾಚಿಕೆ ಇಲ್ವಾ ಇವನಿಗೆ ಅಂತ ಅನ್ನಿಸಿರುತ್ತೆ. ನನಗೂ... ಹೋಗಲಿ ಬಿಡು.

ನಮ್ಮ ಅಂಗಡಿ ಪದ್ಧತಿ ನಿನಗೆ ಗೊತ್ತಲ್ಲ. ಅಣ್ಣ ಕತ್ತರಿಸೋನು, ನಾನು ಹೊಲಿಯೋನು. ಅವನು ಮೇಜಿನ ಹತ್ತಿರ ನಿಂತೇ ಇರ್ತಾನೆ, ನಾನು ಇಲ್ಲಿ ಕೂತೇ ಇರ್ತೀನಿ. ನೆಲಕ್ಕೆ ಬಿದ್ದದ್ದೆಲ್ಲ ಅವನ ಪಾಲು. "ಅಣ್ಣ, ಸೂಜಿ." "ಅಣ್ಣ, ಗುಂಡಿ." "ಅಣ್ಣ, ಚಾಕ್." ಎಪ್ಪತ್ತು ವರ್ಷದ ಮನುಷ್ಯ ನಡು ಬಗ್ಗಿಸಿ ಎತ್ತಿ ಕೊಡೋನು, ಅರವತ್ತೆರಡರ ತಮ್ಮ ಸಿಂಹಾಸನದ ಮೇಲೆ ಕೂತು ಕೈ ಚಾಚೋನು. ಹೊಸ ಗಿರಾಕಿಗಳು ನನ್ನೇ ಯಜಮಾನ ಅಂದ್ಕೊಳ್ಳೋರು! ನಾನೂ ತಿದ್ದೋಕೆ ಹೋಗ್ತಿರಲಿಲ್ಲ.

ಆ ದಿನ... ಆ ದಿನದ್ದು ನಿನಗೆ ಎಲ್ಲ ಹೇಳಿದೀವಲ್ಲ. ಇನ್ನೊಂದು ಸಲ ಯಾಕೆ? ಆಯ್ತು ಕೇಳು. ನಾನು ಗುಂಡಿ ಅಂಗಡಿಗೆ ಹೋಗಿದ್ದೆ. ಕೋಟಿನ ಗುಂಡಿ, ಕಂದು ಬಣ್ಣದ್ದು. ವಾಪಸ್ ಬಂದು ನೋಡಿದ್ರೆ ಅಣ್ಣ ನೆಲದ ಮೇಲೆ. ಕಿಟಕಿಗೆ ಹೋಗಿ ಕೂಗಿದೆ. ಕೆಳಗಿನ ಇಸ್ತ್ರಿಯವನು, ಎದುರುಮನೆ ಟೀಚರಮ್ಮ ಇಬ್ಬರೂ ಓಡಿ ಬಂದ್ರು, ಎತ್ತಿದ್ರು. ಅಷ್ಟೇ. ನನಗೆ ಎತ್ತೋಕೆ ಆಗಲಿಲ್ಲ, ಅದು ಊರಿಗೆಲ್ಲ ಗೊತ್ತು, ಅದರಲ್ಲಿ ಮುಚ್ಚಿಡೋದು ಏನಿದೆ? ಅದಕ್ಕೇ ತಾನೇ ಮರುದಿನವೇ ಹೋಗಿ ಆ ಕೊಳಕು ಚಾಪೆಗೆ ಕೆನ್ನೆ ಕೊಟ್ಟಿದ್ದು?

ಈಗ ನೋಡು. ಮಾತು ಸಾಕು, ನೋಡು. ಚಪ್ಪಲಿ ಬಿಟ್ಟೆ. ಕಾಲು ಜೋಡಿಸಿದೆ. ಮಂಡಿ ನೋಡ್ಕೋ, ಮಡಚಿದ್ರೆ ಹೇಳು. ಉಸಿರು ತಗೊಂಡೆ... ಬಿಟ್ಟೆ... ಹ್ಞಾ... ಇಳೀತು... ಇಳೀತು... ನೋಡಿದ್ಯಾ! ನೋಡಿದ್ಯಾ! ಮೂರು ಬೆರಳು ನೆಲದ ಮೇಲೆ! ಅಂಗೈ ಅಂತ ಸುಳ್ಳು ಹೇಳಲ್ಲ, ಮೂರು ಬೆರಳು. ನಲವತ್ತಮೂರು ದಿನಕ್ಕೆ ಹದಿನಾಲ್ಕು ಇಂಚು! ಆ ಮೇಡಂ ಹಾಲ್‌ನವರೆಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸಿದಳು. ಹಿಮ್ಮಡಿ ಶಿಳ್ಳೆ ಹಾಕಿದ.

ನೀನು ಯಾಕೆ ಚಪ್ಪಾಳೆ ಹೊಡೀತಿಲ್ಲ? ಕಣ್ಣು ಯಾಕೆ ಒರೆಸ್ಕೊಳ್ತೀಯ? ಅಯ್ಯೋ, ನಗೋ ವಿಷಯ ಕಣೇ ಇದು!

ಇನ್ನೂ ಇದೆ. ಬಗ್ಗೋದು ಒಂದು, ಎತ್ತೋದು ಇನ್ನೊಂದು. ನಾಳೆ ನಿಮ್ಮಪ್ಪ ಮತ್ತೆ ಬಿದ್ದರೆ ಅಂತ ಕೇಳ್ತೀಯಲ್ಲ, ಅದಕ್ಕೂ ಉತ್ತರ ಇದೆ. ಈ ಬಟ್ಟೆ ಥಾನು ತಗೋ. ಇದೇ ನಿಮ್ಮಪ್ಪ ಅಂತ ಇಟ್ಕೋ. ತೂಕ ಕಮ್ಮಿ, ಆದರೆ ಮಾತು ಕೇಳೋದ್ರಲ್ಲಿ ಅವನಿಗಿಂತ ವಾಸಿ. ಇಲ್ಲಿ, ಮೇಜಿನ ಈ ಮೂಲೆಯಲ್ಲಿ ಅವನು ನಿಂತಿದ್ದ. ಕೆಳಗೆ ಕೋಟಿನೊಳಗೆ ಹಾಕೋ ಅಸ್ತರಿನ ತುಂಡು ಬಿದ್ದಿತ್ತು, ನುಣುಪು ಸ್ಯಾಟಿನ್. ಎಡಗಾಲು ಅದರ ಮೇಲೆ. ಸುಯ್ ಅಂತ ಜಾರಿದ. ಒಂದೇ ಸಲಕ್ಕೆ ಬೀಳಲಿಲ್ಲ ನೋಡು, ಮೇಜಿನ ಅಂಚು ಹಿಡಿದ, ಅರ್ಧ ಸುತ್ತು ತಿರುಗಿದ, ನನ್ನ ಕಡೆ ನೋಡಿದ, ಆಮೇಲೆ ಕೈ ಬಿಟ್ಟು ಸೊಂಟದ ಮೇಲೆ ಧೊಪ್ ಅಂತ... ಹೀಗೆ. ಈಗ ನಾನು ಮಾಲಾಸನದಲ್ಲಿ ಕೂರ್ತೀನಿ, ಕುಕ್ಕರುಗಾಲು, ಹಿಮ್ಮಡಿ ನೆಲಕ್ಕೆ. ಎರಡೂ ಕೈ ಕಂಕುಳಿಗೆ ಹಾಕ್ತೀನಿ, ತೊಡೆ ಬಲದಲ್ಲಿ... ಹೋ... ಎತ್ತಿದೆ! ಏನಂತೀಯ?

ಏನಂತೀಯ ಪುಟ್ಟಿ?

ಯಾಕೆ ಹಾಗೆ ನೋಡ್ತಿದೀಯ?

ಏನಾಯ್ತು? ಥಾನು ಸರಿಯಾಗಿ ಹಿಡಿಲಿಲ್ವಾ? ಇನ್ನೊಂದು ಸಲ ತೋರಿಸ್ಲಾ? ...ಆ ಷರ್ಟ್ ಕೆಳಗಿಡು ಮೊದಲು. ಹಿಂಡ್ತಾ ಇದೀಯ ಅದನ್ನ. ಕಾಲರ್ ಹಾಳಾಗುತ್ತೆ.



ಹೂಂ. ಕೇಳಿಸ್ತು ನನಗೂ. ನನ್ನ ಬಾಯಿಂದ ಬಂದಿದ್ದು ನನಗೇ ಕೇಳಿಸ್ತು. ಜಾರಿದ್ದು, ತಿರುಗಿದ್ದು... ಅಂದಾಜು ಅದು. ಯಾರಾದ್ರೂ ಊಹಿಸಬಹುದು. ಟೈಲರ್‌ಗೆ ಅಸ್ತರ್ ನೋಡಿದ್ರೆ ಗೊತ್ತಾಗುತ್ತೆ, ಕಾಲಿನ ಗುರುತು... ಇಲ್ಲ, ಅಣ್ಣನೇ ಹೇಳಿದ್ದು. ಆಸ್ಪತ್ರೆಯಲ್ಲಿ. ಬಿದ್ದಿದ್ದು ಹೆಂಗೆ ಅಂತ ಡಾಕ್ಟರ್‌ಗೆ ಹೇಳ್ತಿದ್ದಾಗ... ಏನು, ನೀನೂ ಅಲ್ಲೇ ಇದ್ದೆಯಾ? ಡಾಕ್ಟರ್‌ಗೆ "ಹೇಗೆ ಬಿದ್ದೆನೋ ಗೊತ್ತಾಗಲಿಲ್ಲ" ಅಂದನಾ?

ಹಾಗಂದನಾ ಅವನು...

ಕೂತ್ಕೊಳ್ತೀನಿ ತಡಿ. ಇಲ್ಲ, ಸ್ಟೂಲ್ ಬೇಡ. ನೆಲದ ಮೇಲೇ ಕೂರ್ತೀನಿ.

ಇದ್ದೆ ಪುಟ್ಟಿ. ಇಲ್ಲೇ ಇದ್ದೆ. ಬಾಬಿನ್ ಕೈಯಿಂದ ಜಾರಿ ಉರುಳ್ಕೊಂಡು ಮೇಜಿನಡಿ ಹೋಯ್ತು. ನೂಲು ಬಿಚ್ಕೊಂಡು ಹೋಗ್ತಾ ಇತ್ತು, ನನಗೆ ಕಾಣಿಸ್ತಿತ್ತು. "ಅಣ್ಣ, ಬಾಬಿನ್" ಅಂದೆ. ತಿರುಗಿ ಕೂಡ ನೋಡದೆ ಅಂದೆ. ಕತ್ತರಿಸೋ ಕೆಲಸದ ಮಧ್ಯೆ ಅವನು ಕತ್ತರಿ ಇಟ್ಟು ಬಂದ. ಬಂದು...

ಬಿದ್ದವನು ನೋವು ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ. ಕೈ ಮೇಲೆತ್ತಿದ. ನಾನು ಎದ್ದೆ, ಬಗ್ಗಿದೆ. ಆಗಲಿಲ್ಲ. ಎಲ್ಲಿವರೆಗೆ ಹೋಗ್ತಿತ್ತು ನನ್ನ ಕೈ? ಅವನ ಬೆರಳು ಇಲ್ಲಿ, ನನ್ನ ಬೆರಳು ಇಲ್ಲಿ. ಮಂಡಿ ಊರೋಣ ಅಂತ ಮೇಜು ಹಿಡಿದೆ, ಊರಿದ್ರೆ ನಾನೂ ಏಳಲ್ಲ ಅಂತ ಹೆದರಿಕೆ ಆಯ್ತು. ಆಗ ಏನು ಮಾಡಿದೆ ಗೊತ್ತಾ? ಥೂ, ಹೇಳೋಕೆ ನಾಲಿಗೆ ಬರಲ್ಲ. ಮೇಜಿನ ಮೇಲಿದ್ದ ಮರದ ಸ್ಕೇಲ್ ತಗೊಂಡು ಚಾಚಿದೆ. ಬಟ್ಟೆ ಗುರುತು ಹಾಕೋ ಸ್ಕೇಲ್! ಬಾವಿಗೆ ಬಿದ್ದವನಿಗೆ ಕೋಲು ಚಾಚಿದ ಹಾಗೆ. "ಹಿಡ್ಕೋ ಅಣ್ಣ" ಅಂದೆ. ಅವನು ಹಿಡ್ಕೊಂಡ. ಚಿಕ್ಕವನ ಮಾತು ಅಂತ ಹಿಡ್ಕೊಂಡ. ನಾನು ಎಳೆದೆ. ಮೂಳೆ ಮುರಿದ ಮನುಷ್ಯನ್ನ... ಆಗ ಕೂಗಿದ. ಆ ಒಂದೇ ಸಲ.

ಕಿಟಕಿ ಎಷ್ಟು ದೂರ? ನಾಲ್ಕು ಹೆಜ್ಜೆ. ಕೆಳಗೆ ಇಸ್ತ್ರಿಯವನು ಹಾಡು ಹಾಕ್ಕೊಂಡಿದ್ದ, ಇಲ್ಲಿಗೇ ಕೇಳಿಸ್ತಿತ್ತು. ಕೂಗಬಹುದಿತ್ತು. ಕೂಗಲಿಲ್ಲ. ಕೂಗಿದ್ರೆ ಅವನು ಬರ್ತಾನೆ, ಟೀಚರಮ್ಮ ಬರ್ತಾಳೆ, ಬಂದು ನೋಡ್ತಾರೆ: ಅಣ್ಣ ನೆಲದ ಮೇಲೆ, ಪಕ್ಕದಲ್ಲಿ ತಮ್ಮ ಸ್ಕೇಲ್ ಹಿಡ್ಕೊಂಡು ನಿಂತಿದಾನೆ. ಊರಿಗೆಲ್ಲ ಜೋಕ್ ಹೇಳ್ಕೊಂಡು ತಿರುಗೋ ನನ್ನ ಮೇಲೇ ಜೋಕ್ ಆಗುತ್ತೆ ಅಂತ... ಇನ್ನೊಂದು ಸಲ ಬಗ್ಗಿ ನೋಡ್ತೀನಿ, ಇನ್ನೊಂದು ಸಲ, ಈ ಸಲ ಆಗುತ್ತೆ ಅಂತ. ಗೋಡೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಅವನು ಅಲ್ಲಿ ಬಿದ್ದು ನನ್ನನ್ನೇ ನೋಡ್ತಿದ್ದ. ಕೊನೆಗೆ ಅವನೇ ಅಂದ, "ಸಾಕು ಬಿಡೋ, ಇಸ್ತ್ರಿಯವನನ್ನ ಕರಿ."

ನನಗೆ ಅಸಹ್ಯ ಅದು ಪುಟ್ಟಿ. ಬೆಲ್ಟ್ ಅಲ್ಲ, ಹಿಮ್ಮಡಿ ಅಲ್ಲ. ಆ ಚಾಪೆ ಮೇಲೆ ಕೆನ್ನೆ ಇಟ್ಟಾಗೆಲ್ಲ, ಇದು ನನಗೆ ತಕ್ಕ ಜಾಗ ಅಂತ ಅನ್ನಿಸ್ತಿತ್ತು.

ಮುಚ್ಚು ಆ ಸೂಟ್‌ಕೇಸ್. ಕರ್ಕೊಂಡು ಹೋಗು ಅವನನ್ನ. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಬಿಡ್ತಿರಲಿಲ್ಲ. ಮೂರು ಬೆರಳು ನೆಲಕ್ಕೆ ಮುಟ್ಟಿತು ಅಂತ ಯಾರಾದ್ರೂ ಅಪ್ಪನ್ನ ಬಿಟ್ಟು ಹೋಗ್ತಾರಾ? ...ಯಾಕೆ ಕೈ ಆಡ್ತಿಲ್ಲ? ಬೈಯಿ. ಎರಡು ಬೈಯಿ. ಹೀಗೆ ಸುಮ್ಮನೆ ನಿಲ್ಲಬೇಡ ತಾಯಿ, ಅವನೂ ಹೀಗೇ ಸುಮ್ಮನಿದ್ದಾನೆ ನಲವತ್ತಮೂರು ದಿನದಿಂದ.

ನಾನು ಹೇಳಿದ್ದೆಲ್ಲ ನಿಜ. ಅಕ್ಕಿಕಾಳು ಕೂಡ ನಿಜ. ಕಟ್ಟಿದ್ದು ಅದೊಂದೇ, ಗುಂಡಿ ಅಂಗಡಿ. ಸಣ್ಣ ವಿಷಯ. ಅದನ್ನೂ ನಾನು ಕಟ್ಟಲಿಲ್ಲ ಪುಟ್ಟಿ. ಇಸ್ತ್ರಿಯವನು ಮೆಟ್ಟಿಲು ಹತ್ತೋ ಸದ್ದು ಕೇಳಿಸ್ತು. ಬಾಗಿಲಲ್ಲಿ ಅವನ ತಲೆ ಕಂಡ ಕೂಡಲೇ ನಿಮ್ಮಪ್ಪ, ಆ ನೋವಿನಲ್ಲಿ, ನೆಲದ ಮೇಲೆ ಮಲಗಿದ್ದಲ್ಲಿಂದಲೇ ಅಂದ, "ಇವನು ಈಗ ತಾನೇ ಬಂದ ಕಣಪ್ಪ. ಗುಂಡಿ ತರೋಕೆ ಹೋಗಿದ್ದ."